ಅತ್ತಿಯ ಹೆಸರಿನ ಲಾರಿ

ಹೋದ ವಾರ ನನ್ನ ಆಫೀಸಿಗೆ ಸುಣ್ಣ ಹೊಡೆಸಿದೆ. ಆಫೀಸು ಅಂದ ಕೂಡಲೇ ದೊಡ್ಡದೇನೋ ಅಂದುಕೊಂಡುಬಿಡಬೇಡಿ. ಹೊಸಪೇಟೆಯ ಸ್ಟೇಷನ್ ರೋಡಿನಲ್ಲಿ ಟೈರ್ ಅಂಗಡಿಯ ಮೇಲಿನ ಒಂದು ಕೋಣೆ, ಎರಡು ಟೇಬಲ್ಲು, ಮೂರು ಕುರ್ಚಿ. ಅದರಲ್ಲಿ ಒಂದಕ್ಕೆ ಕೈಯಿಲ್ಲ. ವ್ಯಾಪಾರಸ್ಥರಿಗೆ, ಸಣ್ಣಪುಟ್ಟ ಸಂಪಾದನೆಯವರಿಗೆ ತೆರಿಗೆಯ ಕಾಗದ ಬರೆದುಕೊಡುವುದು ನನ್ನ ಕಸುಬು. ಅಟ್ಟದ ಮೇಲಿನ ಹಳೆಯ ಫೈಲುಗಳನ್ನು ಇಳಿಸಿ ಒಂದನ್ನು ಟೇಬಲ್ಲಿಗೆ ಬಡಿದೆ ನೋಡಿ, ಕೆಂಪು ಧೂಳು ಭುಸ್ಸೆಂದು ಎದ್ದಿತು. ಅದಿರಿನ ಧೂಳು. ಒದ್ದೆ ಕಬ್ಬಿಣದ ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ಒಂದರ ಹಿಂದೆ ಒಂದು ನಾಲ್ಕು ಸೀನು ಬಂದವು. ಸೀನಿ ಮುಗಿಸಿ ಕಣ್ಣು ಒರೆಸಿಕೊಂಡು ಫೈಲಿನ ಮೇಲಿನ ಹೆಸರು ಓದಿದೆ. ನಮ್ಮ ಗಂಗತ್ತಿಯದು.

ಆ ದಿನಗಳನ್ನು ಕಾಣದವರಿಗೆ ಹೇಗೆ ಹೇಳಲಿ? ಎರಡು ಸಾವಿರದ ಐದು, ಆರರ ಹೊತ್ತು. ಸಂಡೂರಿನ ಗುಡ್ಡಗಳಿಂದ ಅದಿರು ತುಂಬಿಕೊಂಡು ಇಳಿಯುವ ಲಾರಿಗಳು ಒಂದರ ಬಾಲ ಒಂದು ಕಚ್ಚಿಕೊಂಡು ಹಗಲೂ ರಾತ್ರಿ ಹೋಗುತ್ತಿದ್ದವು. ರಸ್ತೆ ದಾಟಬೇಕೆಂದರೆ ಒಂದು ಚಹಾ ಕುಡಿದು ಕಾಯಬೇಕು. ನಮ್ಮೂರಿನ ಬಿಳಿ ಅಂಗಿಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದ್ದವು, ಇಸ್ತ್ರಿಯವನನ್ನು ಕೇಳಿದರೆ "ಇದ ಈಗ ಫ್ಯಾಷನ್ ರೀ" ಅನ್ನುತ್ತಿದ್ದ. ಮೇಷ್ಟ್ರು, ಕ್ಲರ್ಕು, ಬಳೆ ಅಂಗಡಿಯವನು ಯಾರನ್ನೇ ಕೇಳಿ, ಒಂದು ಲಾರಿ ಕೊಂಡಿರುತ್ತಿದ್ದ, ಇಲ್ಲವೇ ಕೊಳ್ಳುವ ಮಾತಿನಲ್ಲಿರುತ್ತಿದ್ದ. ಅದೇ ಹೊತ್ತಿಗೆ ಹಳೆಯ ಮಾರಾಟ ತೆರಿಗೆ ಹೋಗಿ ವ್ಯಾಟ್ ಅನ್ನುವುದು ಬಂತು. ಜೀವಮಾನದಲ್ಲಿ ಫಾರಂ ಮುಟ್ಟದ ಅಂಗಡಿಕಾರರು ನನ್ನ ಮೆಟ್ಟಿಲು ಹತ್ತಿ, "ಸಾರ್, ಇದೇನ್ರಿ ಹೊಸಾ ಗ್ರಹಚಾರ?" ಅಂತ ಕೂರುತ್ತಿದ್ದರು. ನಾನೋ, ಈ ಸೀಮೆಯಲ್ಲಿ ನನ್ನಷ್ಟು ತಲೆಯುಳ್ಳವನು ಇನ್ನೊಬ್ಬನಿಲ್ಲ ಅಂತ ಖರೇನೇ ನಂಬಿದ್ದೆ. ತಿರುಗುವ ಕುರ್ಚಿ ಕೊಂಡಿದ್ದು ಆಗಲೇ. ಕೈ ಮುರಿದದ್ದು ಅದೇ ಕುರ್ಚಿಯದು.

ಗಂಗತ್ತಿ ನಮ್ಮಪ್ಪನ ತಂಗಿ. ಕಂಪ್ಲಿಯಲ್ಲಿ ಹುಟ್ಟಿದವಳು, ಪಾಪಿನಾಯಕನಹಳ್ಳಿಗೆ ಕೊಟ್ಟಿದ್ದರು. ಓದಿದ್ದು ನಾಲ್ಕನೇ ಕ್ಲಾಸು. ಸಹಿ ಮಾಡಬೇಕಾದರೆ ಮೊದಲು ಸೆರಗು ಸರಿ ಮಾಡಿಕೊಂಡು, ಅಕ್ಷರ ಒಂದೊಂದನ್ನೂ ಬಾಯಲ್ಲಿ ಹೇಳಿಕೊಳ್ಳುತ್ತ ದುಂಡಗೆ ಬರೆಯುತ್ತಿದ್ದಳು. ಅವಳ ಗಂಡ ವೀರಭದ್ರಪ್ಪ ಮಾವನದು ಅದೇ ಊರಿನಲ್ಲಿ ಬೀಜ, ಗೊಬ್ಬರದ ಅಂಗಡಿ. ಒಳ್ಳೆಯ ಮನುಷ್ಯ. ಒಂದೇ ಒಂದು ಕೆಟ್ಟ ಚಟ. ಬೀಡಿಯಲ್ಲ, ಇಸ್ಪೀಟಲ್ಲ. ಪಕ್ಕದವರ ಮನೆಯಲ್ಲಿ ಇದ್ದದ್ದು ತನ್ನ ಮನೆಯಲ್ಲೂ ಇರಬೇಕು, ಅಷ್ಟೇ.

ಹಾಗಾಗಿ ಒಂದು ದಿನ ಮೆಟ್ಟಿಲು ಹತ್ತಿ ಬಂದೇ ಬಿಟ್ಟ. "ಲೇ, ಊರಿಗೆ ಊರ ಗಾಡಿ ತಗೊಂಡಾರ. ನಾನೂ ಒಂದು ತಗೋತೀನಿ. ಟ್ಯಾಕ್ಸ್ ಕಮ್ಮಿ ಬರಂಗ ಒಂದು ದಾರಿ ಹೇಳು."

ಆ ವರ್ಷ ಸರ್ಕಾರ ಆದಾಯ ತೆರಿಗೆಯ ಮಿತಿಯಲ್ಲಿ ಹೆಂಗಸರಿಗೆ ಗಂಡಸರಿಗಿಂತ ಒಂದಿಷ್ಟು ಹೆಚ್ಚಿನ ರಿಯಾಯಿತಿ ಕೊಟ್ಟಿತ್ತು. ಮಾವನಿಗೆ ಅಂಗಡಿಯ ಸಂಪಾದನೆ ಇತ್ತು, ಅತ್ತಿಗೆ ಏನೂ ಇರಲಿಲ್ಲ. ನಾನು ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿ ಹೇಳಿದೆ: "ಮಾವ, ಗಾಡಿ ಅತ್ತಿ ಹೆಸರಿಗೆ ತಗೊ. ಆದ್ರ ಸುಮ್ನ ಹೆಸರು ಹಾಕಿದ್ರ ಕಾನೂನು ಬಿಡಂಗಿಲ್ಲ, ಗಂಡನ ರೊಕ್ಕದಾಗ ಹೆಂಡ್ತಿ ಹೆಸರಿಗೆ ಕೊಂಡ್ರ ಅದರ ಆದಾಯ ತಿರುಗಿ ಗಂಡನ ತಲಿಗೇ ಕಟ್ತಾರ. ಅತ್ತಿದ ಸ್ವಂತ ರೊಕ್ಕ ಇರಬೇಕು." ಮಾವ ನನ್ನ ಬೆನ್ನು ತಟ್ಟಿದ. ನಾನು ಉಬ್ಬಿಹೋದೆ.

ಅತ್ತಿಯ ಸ್ವಂತ ರೊಕ್ಕ ಅಂದರೆ ತವರಿನಲ್ಲಿ ಹಾಕಿದ್ದ ನಾಲ್ಕು ಚಿನ್ನದ ಪಾಟ್ಲಿ ಬಳೆ. ನಮ್ಮ ತಾತ ಕಂಪ್ಲಿಯ ಭತ್ತದ ಒಂದು ಸುಗ್ಗಿಯ ಹಣವನ್ನೆಲ್ಲ ಸುರಿದು ಮಾಡಿಸಿದ್ದವು. ಅತ್ತಿ ಸೋಪಿನ ನೊರೆ ಹಚ್ಚಿ ಅವನ್ನು ಒಂದೊಂದಾಗಿ ಕಳಚಿದಳು. ಬಹಳ ವರ್ಷ ಕೈಯಲ್ಲೇ ಇದ್ದವಾದ್ದರಿಂದ ಸುಲಭಕ್ಕೆ ಬರಲಿಲ್ಲ. ಕೊನೆಯದನ್ನು ನನ್ನ ಕೈಗೆ ಕೊಡುವಾಗ ಕೇಳಿದಳು, "ಹಂಗಾದ್ರ ಗಾಡಿ ನಂದಾ?"

"ನಿಂದ ಮಾರಾಯ್ತಿ, ನೀನ ಓಡ್ಸು!" ಅಂತ ಮಾವ ಹೊಟ್ಟೆ ಹಿಡಿದು ನಕ್ಕ. ನಾನೂ ನಕ್ಕೆ. ಅತ್ತಿ ಮಾತ್ರ ನಗಲಿಲ್ಲ.

ಬಳೆ ಮಾರಿದ ಹಣ ಮುಂಗಡವಾಯಿತು, ಉಳಿದದ್ದಕ್ಕೆ ಫೈನಾನ್ಸಿನವರು ಅತ್ತಿಯ ಸಹಿ ತೆಗೆದುಕೊಂಡರು. ಅತ್ತಿಗೆ ಪ್ಯಾನ್ ಕಾರ್ಡು ಮಾಡಿಸಬೇಕಾಯಿತು. ಕಾರ್ಡು ಬಂದ ದಿನ ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ, "ಇಲ್ಲೇನು ಬರದೈತಿ ಓದು" ಅಂದಳು. ಗಂಗಮ್ಮ ಅಂತ ಹೆಸರು, ಕೆಳಗೆ ತಂದೆಯ ಹೆಸರು ಕೊಟ್ರಪ್ಪ ಅಂತ ಓದಿದೆ. ಅವಳಿಗೆ ನಂಬಿಕೆ ಬರಲಿಲ್ಲ. ರೇಷನ್ ಕಾರ್ಡು, ಓಟಿನ ಪಟ್ಟಿ ಎಲ್ಲ ಕಡೆ ಅವಳು ವೀರಭದ್ರಪ್ಪನ ಹೆಂಡತಿ. "ಮದುವಿ ಆದಮ್ಯಾಗ ನನ್ನ ಯಾರೂ ಅಪ್ಪನ ಹೆಸರು ಕೇಳಿದ್ದಿಲ್ಲಲೇ. ಈ ಟ್ಯಾಕ್ಸಿನೋರು ಒಳ್ಳೇ ಮಂದಿ ಇರಬೇಕು," ಅಂದು ಕಾರ್ಡನ್ನು ಕಣ್ಣಿಗೆ ಒತ್ತಿಕೊಂಡಳು. ಆದಾಯ ತೆರಿಗೆ ಇಲಾಖೆಗೆ ಇಂಥ ಹೊಗಳಿಕೆ ಸಿಕ್ಕಿದ್ದನ್ನು ನನ್ನ ವೃತ್ತಿಜೀವನದಲ್ಲಿ ನಾನು ಕೇಳಿದ್ದು ಅದೊಂದೇ ಸಲ.

ಅಲ್ಲಿಂದ ಶುರುವಾಯಿತು. ಪ್ರತಿ ವರ್ಷ ರಿಟರ್ನಿಗೆ ಸಹಿ ಬೇಕಾದಾಗ ಬೇರೆ ಗಂಡಸರು ಹೆಂಡತಿಯರ ಸಹಿಯನ್ನು ಮನೆಯಿಂದ ಮಾಡಿಸಿ ತರುತ್ತಿದ್ದರು, ಇನ್ನೂ ಕೆಲವರು ನನ್ನೆದುರಿಗೇ ತಾವೇ ಮಾಡಿಬಿಡುತ್ತಿದ್ದರು. ಗಂಗತ್ತಿ ಮಾತ್ರ ಡಬ್ಬಿಯಲ್ಲಿ ಮಂಡಕ್ಕಿ ಒಗ್ಗರಣೆ ಕಟ್ಟಿಕೊಂಡು ಬಸ್ಸಿನಲ್ಲಿ ಬರುತ್ತಿದ್ದಳು. "ಓದಿ ಹೇಳು. ಎಲ್ಲಾ ಓದಬೇಕು, ನಡುವ ಹಾರಿಸಬ್ಯಾಡ." ಇಂಗ್ಲಿಷಿನಲ್ಲಿದ್ದ ಆ ಒಣ ಕಾಗದವನ್ನು ನಾನು ಕನ್ನಡದಲ್ಲಿ ಪುರಾಣದ ಹಾಗೆ ಓದಬೇಕು, ಅವಳು ಹೂಂಗುಟ್ಟಬೇಕು. ಕೆಳಗೆ ಟೈರ್ ಅಂಗಡಿಯವರಿಗೂ ಕೇಳಿಸಿ ನಗುತ್ತಿದ್ದರು.

ಸಣ್ಣ ಲಾರಿ ಮಾಲೀಕರು ಲೆಕ್ಕದ ಪುಸ್ತಕ ಇಡುವುದು ಬೇಡ, ಒಂದು ಗಾಡಿ ತಿಂಗಳಿಗೆ ಇಂತಿಷ್ಟು ಗಳಿಸುತ್ತದೆ ಅಂತ ಸರ್ಕಾರವೇ ಒಂದು ಅಂದಾಜು ಹಾಕಿಬಿಟ್ಟಿತ್ತು. ಅದನ್ನು ಓದಿದಾಗ ಅತ್ತಿ ಕೈಯೆತ್ತಿ ನಿಲ್ಲಿಸಿದಳು.

"ಏನಂದಿ? ಸರ್ಕಾರ ಗಾಡಿ ಇಷ್ಟು ದುಡೀತೈತಿ ಅಂತೈತಾ? ನಿಮ್ಮಾವ ಡೀಸೆಲ್‌ಗ ಸಾಲಂಗಿಲ್ಲ, ಏನೂ ಉಳಿಯಂಗಿಲ್ಲ ಅಂತಾನಲ್ಲ. ಇಬ್ರಾಗ ಸುಳ್ಳು ಹೇಳೋರು ಯಾರು?"

ಆ ಸಲ ಜೊತೆಗೆ ಬಂದು ಪಕ್ಕದಲ್ಲಿ ಕೂತಿದ್ದ ಮಾವ ಮಂಡಕ್ಕಿ ಗಂಟಲಿಗೆ ಸಿಕ್ಕು ಕೆಮ್ಮತೊಡಗಿದ. ನಾನು ನೀರು ಕೊಡುವ ನೆಪದಲ್ಲಿ ಎದ್ದೆ.

ಮುಂದೆ ಗಣಿ ಕಂಪನಿಯವರು ಲಾರಿ ಬಾಡಿಗೆಯಲ್ಲಿ ಹಿಡಿದುಕೊಂಡಿದ್ದ ತೆರಿಗೆ ವಾಪಸ್ಸಾಗಿ ಗಂಗಮ್ಮನ ಹೆಸರಿಗೆ ಅಂಚೆಯಲ್ಲಿ ಚೆಕ್ಕು ಬಂತು. ಆ ಹಣದಲ್ಲಿ ಅವಳು ಏನು ಕೊಂಡಳು ಹೇಳಿ ನೋಡೋಣ? ಸೀರೆಯಲ್ಲ, ಬಳೆಯಲ್ಲ. ಲಾರಿಯ ಅದಿರಿಗೆ ಹೊದಿಸಲು ದಪ್ಪನೆಯ ಒಂದು ತಾಡಪತ್ರಿ. "ನನ್ನ ಗಾಡಿ ಧೂಳು ಮಂದಿ ಅಂಗಳದಾಗ ಬೀಳ್ತೈತಿ. ನಿನ್ನೆ ನೀರಿನ ಟ್ಯಾಂಕಿನ ಕಡೆ ಹೆಣ್ಮಕ್ಳು ನನ್ನ ಮಾರಿ ನೋಡಿ 'ಮಾಲಕ್ರು ಬಂದ್ರು, ಕೊಡ ಮುಚ್ಚರಿ' ಅಂದ್ರು. ಭಾಳ ನಾಚಿಕಿ ಆತು." ಪಾಪಿನಾಯಕನಹಳ್ಳಿಯ ಆ ರಸ್ತೆಯಲ್ಲಿ ಸಾವಿರ ಲಾರಿ ಬಾಯಿ ತೆರೆದುಕೊಂಡು ಹೋಗುತ್ತಿದ್ದವು. ಅವುಗಳ ನಡುವೆ ಅಚ್ಚುಕಟ್ಟಾಗಿ ಹೊದ್ದುಕೊಂಡು ಹೋಗುವ ಒಂದೇ ಗಾಡಿ ನಮ್ಮ ಅತ್ತಿಯದು. ಮಾವನಿಗೆ ಗೆಳೆಯರೆದುರು ತಲೆಯೆತ್ತಲು ಆಗುತ್ತಿರಲಿಲ್ಲ.

ಮೂರು ವರ್ಷ ಹೀಗೇ ಕಳೆಯಿತು, ಲಾರಿಯ ಸಾಲವೂ ತೀರುತ್ತ ಬಂತು. ಆಗ ಮಾವನ ಹಳೆಯ ಚಟ ಕೆರಳಿತು. ಪಕ್ಕದ ಮನೆಯವನು ಐದು ಗಾಡಿ ಮಾಡಿದ್ದ. ಮಾವ ಇನ್ನೆರಡು ಕೊಳ್ಳುವುದೆಂದೂ, ಗೊಬ್ಬರದ ಅಂಗಡಿ ಮುಚ್ಚಿಬಿಡುವುದೆಂದೂ ತೀರ್ಮಾನಿಸಿದ. ತೆರಿಗೆಯ ಲೆಕ್ಕದಲ್ಲಿ ಎರಡೂ ಅತ್ತಿಯ ಹೆಸರಿಗೇ. ಸಾಲಕ್ಕೆ ಜಾಮೀನು, ಇದ್ದೊಂದು ಮನೆ. ನಾನೂ ಹೂಂ ಅಂದೆ. ಅಂದೆ ಏನು, ಹುರಿದುಂಬಿಸಿದೆ. ಸಂಡೂರಿನ ಗುಡ್ಡಗಳು ಮುಗಿಯುವ ಕಾಲ ಬರುತ್ತದೆ ಅಂತ ಯಾರಿಗೆ ಅನ್ನಿಸಿತ್ತು?

ಇಬ್ಬರೂ ಕಾಗದ ತೆಗೆದುಕೊಂಡು ನನ್ನ ಆಫೀಸಿಗೆ ಬಂದರು. ಅತ್ತಿ ಸೆರಗು ಸರಿ ಮಾಡಿಕೊಂಡು, ಪೆನ್ನು ಹಿಡಿದು, "ಓದು" ಅಂದಳು. ಓದಿದೆ. ಮನೆಯ ಮಾತು ಬಂದಾಗ ನಿಲ್ಲಿಸಿದಳು.

"ಈ ಕಾಗದದಾಗ ಮನಿ ಯಾಕ ಬಂತು?"

"ಹೆಸರಿಗಷ್ಟ ಅತ್ತಿ, ಜಾಮೀನು."

"ಗಾಡಿ ನಿಂತ್ರ?"

"ಯಾಕ ನಿಲ್ತಾವ? ಏನ ಅಪಶಕುನ ನುಡೀತಿ, ಸಹಿ ಮಾಡು," ಅಂದ ಮಾವ.

ಅತ್ತಿ ಪೆನ್ನು ಕಾಗದಕ್ಕೆ ತಾಕಿಸಿದಳು, ಮತ್ತೆ ಎತ್ತಿದಳು. "ಸಹಿ ನಂದು, ಸಾಲಾನೂ ನಂದು. ಮೊದಲಿನ ಗಾಡಿ ನಂದು. ಒಂದು ಮಾತು ನನ್ನ ಕೇಳಬೇಕಿತ್ತಲ್ಲ?"

ಮಾವನಿಗೆ ರೇಗಿತು. "ಗಾಡಿ ನಿಂದಾ? ಏನ್ ಹುಚ್ಚಾ ನಿನಗ? ಅದು ಟ್ಯಾಕ್ಸಿಗಂತ ಬರದದ್ದು!"

ಅತ್ತಿಯ ಮುಖ ಸಣ್ಣದಾಯಿತು. ಗಾಜಿನ ಬಳೆಗಳಷ್ಟೇ ಇದ್ದ ಆ ಕೈಯನ್ನು ಮಡಿಲಿಗೆ ಎಳೆದುಕೊಂಡು ನನ್ನ ಕಡೆ ತಿರುಗಿದಳು. "ನೀನು ಹೇಳು. ಗಾಡಿ ಯಾರದು?"

ಅಯ್ಯೋ ದೇವರೇ, ಆ ಹೊತ್ತಿಗೆ ನನಗೆ ಎಲ್ಲಾದರೂ ಓಡಿಹೋಗಬೇಕು ಅನ್ನಿಸಿತು. ಮಾವ ಹಿರಿಯ, ಮೇಲಾಗಿ ನನಗೆ ಹತ್ತು ಮಂದಿ ಗಿರಾಕಿಗಳನ್ನು ತಂದುಕೊಟ್ಟವನು. "ಕಾನೂನಿನ ಪ್ರಕಾರ ನೋಡಿದ್ರ..." ಅಂತ ಎಳೆದೆ.

"ಕಾನೂನು ಬಿಡು. ಯಾರದು?"

"ನಿಂದ, ಅತ್ತಿ," ಅಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

ಅವಳು ಪೆನ್ನಿನ ಮುಚ್ಚಳ ಹಾಕಿ ಟೇಬಲ್ಲಿನ ಮೇಲಿಟ್ಟಳು. ಮಾವ ಎದ್ದ, ಮೆಟ್ಟಿಲಿಳಿದು, ಮೋಟಾರ್ ಸೈಕಲ್ಲು ಒದ್ದು ಹೊರಟೇಹೋದ. ಅತ್ತಿಯನ್ನು ನಾನೇ ಬಸ್ಸಿಗೆ ಹತ್ತಿಸಿದೆ. ಕಿಟಕಿಯ ಪಕ್ಕ ಕೂತು ಕಣ್ಣು ಒರೆಸಿಕೊಳ್ಳುತ್ತ, "ಮುಂಜಾನಿಂದ ಏನೂ ತಿಂದಿಲ್ಲ ಅವ್ರು," ಅಂದಳು.

ಮಾವ ಆಮೇಲೆ ನನ್ನ ಆಫೀಸಿಗೆ ಕಾಲಿಡಲಿಲ್ಲ. ಮನೆಯಲ್ಲೂ ತಿಂಗಳುಗಟ್ಟಲೆ ಅತ್ತಿಯ ಜೊತೆ ಮಾತಿಲ್ಲ. ಏನು ಬೇಕಿದ್ದರೂ ಕಟ್ಟಿದ ಎಮ್ಮೆಗೆ ಹೇಳುತ್ತಿದ್ದನಂತೆ, "ಚಹಾ ಆಗೇತೇನು ಕೇಳು." ಅತ್ತಿಯೂ ಎಮ್ಮೆಗೇ, "ಆಗೇತಿ, ಬಂದು ಕುಡೀರಿ ಅನ್ನು." ಎಮ್ಮೆ ನಡುವೆ ನಿಂತು ಮೆಲುಕು ಹಾಕುತ್ತಿತ್ತು. ಅಂಗಡಿಯನ್ನು ಮಾತ್ರ ಮಾವ ಮುಚ್ಚಲಿಲ್ಲ, ಮುಚ್ಚಿ ಮಾಡುವುದೇನು?

ಮುಂದಿನದು ನಿಮಗೆ ಗೊತ್ತೇ ಇದೆ. ಕೋರ್ಟಿನ ಆದೇಶ ಬಂದು ಗಣಿ ನಿಂತಿತು. ವಡ್ಡು ಹಳ್ಳಿಯ ದಾರಿಯ ಎರಡೂ ಬದಿಗೆ ಲಾರಿಗಳು ಸಾಲಾಗಿ ನಿಂತವು, ಅವುಗಳ ಚಕ್ರದ ಸಂದಿಯಲ್ಲಿ ಹುಲ್ಲು ಬೆಳೆಯಿತು. ಐದು ಗಾಡಿಯ ಪಕ್ಕದ ಮನೆಯವನು ಮನೆಗೆ ಬೀಗ ಹಾಕಿ ಎತ್ತಲೋ ಹೋದ. ಅತ್ತಿಯ ಲಾರಿಯೂ ನಿಂತಿತು. ಅದನ್ನವಳು ಸಿಕ್ಕಷ್ಟಕ್ಕೆ ಮಾರಿದಳು, ಮಾರಿದ ದಿನ ಊಟ ಮಾಡಲಿಲ್ಲ. ಆದರೆ ಮನೆ ಉಳಿದಿತ್ತು, ಅಂಗಡಿ ನಡೆಯುತ್ತಿತ್ತು.

ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿಸಿತು. ನೋಡಿದರೆ ಮಾವ. ಮೀಸೆ ಬೆಳ್ಳಗಾಗಿತ್ತು. ಬಂದವನೇ ಗೊಬ್ಬರದ ಅಂಗಡಿಯ ಲೈಸೆನ್ಸು, ಕಾಗದಪತ್ರ ಎಲ್ಲ ಟೇಬಲ್ಲಿನ ಮೇಲೆ ಇಟ್ಟ.

"ಅಂಗಡಿ ನಿಮ್ಮತ್ತಿ ಹೆಸರಿಗೆ ಮಾಡು."

ನಾನು ತಪ್ಪು ತಿದ್ದಿಕೊಂಡ ಹುಷಾರು ಮನುಷ್ಯ ನೋಡಿ, ಕೂಡಲೇ ಹೇಳಿದೆ: "ಮಾವ, ಹೆಂಗಸರಿಗೆ ಕೊಟ್ಟಿದ್ದ ಆ ರಿಯಾಯಿತಿ ಸರ್ಕಾರ ತೆಗದುಬಿಟ್ಟೈತಿ. ಈಗ ಗಂಡಸು, ಹೆಂಗಸು ಎಲ್ಲಾ ಒಂದ. ಹಂಗ ಮಾಡಿದ್ರ ಟ್ಯಾಕ್ಸಿನ್ಯಾಗ ಏನೂ ಉಳಿಯಂಗಿಲ್ಲ."

ಮಾವ ನನ್ನನ್ನು ದಿಟ್ಟಿಸಿ ನೋಡಿದ. "ಟ್ಯಾಕ್ಸಿನ ಸುದ್ದಿ ಯಾರು ತೆಗದ್ರಲೇ? ಬರಿ."

ಬರೆದೆ. ಅವತ್ತು ಫೀಸು ಕೇಳುವ ಧೈರ್ಯ ಆಗಲಿಲ್ಲ.

ಇಷ್ಟೆಲ್ಲ ನೆನಪಾಗಿ, ಹೋದ ವಾರ ಸುಣ್ಣದವರನ್ನು ಊಟಕ್ಕೆ ಕಳಿಸಿ ಅತ್ತಿಗೆ ಫೋನು ಮಾಡಿದೆ. ಅಷ್ಟು ವರ್ಷ ನಾಲಿಗೆಯ ತುದಿಯಲ್ಲಿದ್ದು ಹೇಳಲಾಗದೆ ಉಳಿದದ್ದನ್ನು ಹೇಳಿಬಿಟ್ಟೆ. "ಅತ್ತಿ, ಅವತ್ತು ನನ್ನ ಮನಸಿನ್ಯಾಗೂ ನೀನು ಸಹಿ ಮಾಡ್ಲಿ ಅಂತನ ಇತ್ತು. ತಪ್ಪಾತು."

ಆ ಕಡೆ ಯಾರೋ ಗಿರಾಕಿಗೆ ಚಿಲ್ಲರೆ ಎಣಿಸಿ ಕೊಟ್ಟ ಸದ್ದು. ಆಮೇಲೆ ಅತ್ತಿಯ ದನಿ ಬಂತು.

"ನನಗೂ ಇತ್ತಲೇ. ನಿಮ್ಮಾವನ ಮಾರಿ ನೋಡಿ, ಹೋಗ್ಲಿ ಅತ್ಲಾಗ, ಮಾಡಿಬಿಡೂಣು ಅಂತನ ಪೆನ್ನು ಹಿಡದಿದ್ದೆ. ಆದ್ರ ನೀನು 'ನಿಂದ' ಅಂದಿ. ಅಷ್ಟು ವರ್ಷದಾಗ ಒಬ್ರಾದ್ರೂ ಹಂಗಂದ್ರಲ್ಲ ಅಂತ ಕೈ ನಿಂತುಬಿಡ್ತು."