ಹತ್ತನೇ ತಿರುವಿನ ಪೂಜಾರಪ್ಪ

ಬೆಟ್ಟದ ತುದಿಯ ದೊಡ್ಡ ದೇವರಿಗೆ ಹೋಗುವ ದಾರಿಯಲ್ಲಿ, ಹತ್ತನೇ ತಿರುವಿನ ಪುಟ್ಟ ಗುಡಿಯ ಪೂಜಾರಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ. ಭಕ್ತರು ಅಲ್ಲಿ ಇಳಿಯುವುದು ವಾಂತಿ ಮಾಡಲಿಕ್ಕೆ. ಬಾಯಿ ಮುಕ್ಕಳಿಸಿದ ಮೇಲೆ, ಹೇಗೂ ಇಳಿದದ್ದಾಯಿತಲ್ಲ ಎಂದು ಕೈಮುಗಿಯುತ್ತಾರೆ. "ಬನ್ನಿ ಬನ್ನಿ, ನಮ್ಮ ದೇವ್ರಿಗೆ ಅಭ್ಯಾಸ ಆಗಿದೆ" ಎಂದು ಈತ ತೀರ್ಥ ಕೊಡುತ್ತಾನೆ. "ಇಲ್ಲೇನು ವಿಶೇಷ ಸ್ವಾಮಿ?" ಎಂದು ಯಾರಾದರೂ ಕೇಳಿದರೆ, "ನೆರಳು" ಎನ್ನುತ್ತಾನೆ. ಡ್ರೈವರುಗಳಂತೂ ಇಳಿಯುವುದೂ ಇಲ್ಲ. ಗುಡಿಯೆದುರು ಎರಡು ಸಲ ಹಾರ್ನ್ ಒತ್ತಿದರೆ ಅವರ ಪೂಜೆ ಮುಗಿಯಿತು. "ದಾರೀಲಿ ಮಲ್ಗಿರೋ ಎಮ್ಮೆ ಏನ್ರೋ ನಮ್ಮ ದೇವ್ರು?" ಎಂದು ಮಂಗಳಾರತಿ ತಟ್ಟೆ ಹಿಡಿದೇ ಕೂಗುತ್ತಾನೆ. ಅದರಲ್ಲೂ ದಿನಾ ಬೆಳಿಗ್ಗೆ ಬೆಟ್ಟ ಹತ್ತಿ ಸಂಜೆ ಇಳಿಯುವ, ಗಂಟಲು ಕಟ್ಟಿದ ಹಾರ್ನಿನ ಹಳದಿ ಬಸ್ಸನ್ನು ಕಂಡರೆ ಅವನಿಗೆ ಆಗುವುದೇ ಇಲ್ಲ. ಮೊನ್ನೆ ಸಂಜೆ ನಾನು ಗುಡಿಗೆ ಹೋದಾಗ, ಪೂಜೆಯೆಲ್ಲ ಮುಗಿದು, ದೀಪದ ಎಣ್ಣೆಯೂ ತೀರುತ್ತ ಬಂದಿದ್ದರೂ, ಬೀಗ ಕೈಯಲ್ಲಿ ಹಿಡಿದು ಹೊಸ್ತಿಲಲ್ಲೇ ನಿಂತಿದ್ದ. "ಇನ್ನೂ ಯಾರು ಬರ್ಬೇಕು ಸ್ವಾಮಿ?" ಎಂದೆ. "ಸ್ವಲ್ಪ ಸುಮ್ನಿರಿ" ಎಂದು ಮೇಲಿನ ತಿರುವಿನ ಕಡೆಗೆ ಕಿವಿಗೊಟ್ಟ. ಆ ಬಸ್ಸಿನ ಒಡಕು ಹಾರ್ನ್ ಎರಡು ಸಲ ಕೇಳಿಸಿತು. "ಬಂದ, ಹಾಳಾದೋನು!" ಎಂದು ಬೈದು, ಒಳಗೆ ತಿರುಗಿ ಕೈಮುಗಿದು, ಬೀಗ ಹಾಕಿದ.