ಗೋಡೆ ಹೊಂದಿತು, ಮರ ಹೊಂದಲಿಲ್ಲ

ಬೇವಿನ ಮರವನ್ನು ಕಂಪ್ಯೂಟರಿನಲ್ಲಿ ಕಟ್ಟಬೇಕಾದರೆ ನಾನು ಅದರ ಫೋಟೊಗಳನ್ನು ಎರಡು ಸಲ ತೆಗೆಯುತ್ತೇನೆ. ಮೊದಲ ಸಲ ಎಲೆ ಉದುರಿದಾಗ, ಕೊಂಬೆಗಳು ಎಲ್ಲೆಲ್ಲಿ ಕವಲೊಡೆದಿವೆ ಎಂಬುದು ಕಾಣಲೆಂದು. ಎರಡನೆಯ ಸಲ ಎಲೆ ತುಂಬಿದ ಮೇಲೆ. ಮರದ ಸುತ್ತ ನಡೆಯುತ್ತ ನೂರಾರು ಫೋಟೊ ತೆಗೆದು ಹಾಕಿದರೆ ಸಾಫ್ಟ್‌ವೇರ್ ಅವನ್ನೆಲ್ಲ ಜೋಡಿಸಿ, ಯಾವ ಕಡೆಯಿಂದ ಬೇಕಾದರೂ ತಿರುಗಿಸಿ ನೋಡಬಹುದಾದ ಕಾಂಡವೊಂದನ್ನು ಕೊಡುತ್ತದೆ. ಉಳಿದದ್ದು ನನ್ನ ಕೆಲಸ. ಬೇವಿನ ಎಲೆಯ ಬುಡ ಒಂದು ಬದಿಗೆ ಸೊಟ್ಟ. ಎಲೆಗಳು ರೆಂಬೆಯ ತುದಿಯಲ್ಲಿ ಗುಂಪಾಗಿರುತ್ತವೆ. ಬಿಸಿಲು ಎಲೆಯ ಮೇಲೆ ಬಿದ್ದು ಅಲ್ಲೇ ನಿಲ್ಲುವುದಿಲ್ಲ, ಅದರೊಳಗಿಂದ ಹಾದು ಕೆಳಗೆ ಹಸಿರಾಗಿ ಇಳಿಯುತ್ತದೆ. ಇಷ್ಟು ಬರದಿದ್ದರೆ ಮರ ಪ್ಲಾಸ್ಟಿಕ್ಕಿನದರಂತೆ ಕಾಣುತ್ತದೆ.

ಜಮಖಂಡಿಯಲ್ಲಿ ಈ ಕೆಲಸಕ್ಕೆ ಕೂರುವ ಮೊದಲು ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ. ಎರಡು ಕಡೆಯಿಂದ ಖಾತ್ರಿಯಾಗದ ಸಂಗತಿಯನ್ನು ಬಾಯಿಬಿಟ್ಟು ಹೇಳಬಾರದೆಂಬ ಅಲ್ಲಿನ ರೂಢಿ ಇನ್ನೂ ಹೋಗಿಲ್ಲ.

ಬನಹಟ್ಟಿಯಲ್ಲಿ ನನ್ನ ಅಕ್ಕನ ಓಣಿಯಲ್ಲಿ ಒಂದು ಹಳೆಯ ಬೇವಿನ ಮರವಿದೆ. ಗ್ರಾಮದೇವಿ ದ್ಯಾಮವ್ವನ ಮರವೆಂದು ಅದಕ್ಕೆ ಭಕ್ತಿಯಿಂದ ನಡೆದುಕೊಳ್ಳುತ್ತಾರೆ. ಒಂದು ಬದಿಗೆ ರಸ್ತೆ, ಇನ್ನೊಂದು ಬದಿಗೆ ಅಕ್ಕನ ಮನೆಯ ಪವರ್‌ಲೂಮ್ ಶೆಡ್ಡು. ತಗಡಿನ ಮಾಡು, ಕೆಳಗೆ ನಾಲ್ಕು ಮಗ್ಗ. ಅಕ್ಕ ಮತ್ತು ಅವಳ ಗಂಡ, ನಾನು ಮಾವ ಎಂದು ಕರೆಯುವವರು, ಮಗ್ಗ ನೋಡಿಕೊಳ್ಳುತ್ತಾರೆ; ಅಕ್ಕನ ಅತ್ತೆ ಮೂಲೆಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಾರೆ. ಮರದ ಅತಿ ದಪ್ಪನೆಯ ಕೊಂಬೆ ಚಾಚಿರುವುದು ಆ ತಗಡಿನ ಮೇಲೆ.

ಓಣಿಯ ಹಿರಿಯರು ಮರದ ಸುತ್ತಲಿನ ಹಳೆಯ ಕಲ್ಲಿನ ಕಟ್ಟೆ ತೆಗೆದು ಗ್ರಾನೈಟಿನದು ಕಟ್ಟಿಸಿದರು. ಮರ, ಕಟ್ಟೆ, ಓಣಿ ಎಲ್ಲ ಸೇರಿಸಿ ಒಂದು ವೀಡಿಯೊ ಮಾಡಿಕೊಡು ಎಂದು ನನಗೆ ಹೇಳಿದ್ದರು. ಮೊದಲ ಫೋಟೊ ತೆಗೆದದ್ದು ಹಳೆಯ ಕಟ್ಟೆ ಇದ್ದಾಗ, ಚಳಿಗಾಲ ಮುಗಿಯುತ್ತಿದ್ದಾಗ. ಎರಡನೆಯದು ಹೊಸ ಕಟ್ಟೆ ಆದ ಮೇಲೆ, ಮುಂಗಾರಿಗೆ ಮುಂಚೆ.

ಎರಡು ಸಲದ ರೂಪಗಳನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಟ್ಟೆ. ಶೆಡ್ಡಿನ ಗೋಡೆ ಗೋಡೆಯ ಮೇಲೆ ಕೂತಿತು. ಕರೆಂಟಿನ ಕಂಬ ಕಂಬದ ಮೇಲೆ ಕೂತಿತು. ಎದುರು ಮನೆಯ ಮೆಟ್ಟಿಲು ಸಹ ಹೊಂದಿತು. ಮರ ಹೊಂದಲಿಲ್ಲ. ಬುಡದಲ್ಲಿ ವ್ಯತ್ಯಾಸ ಬೆರಳಿನಷ್ಟು, ಕವಲಿನ ಹತ್ತಿರ ಒಂದು ಗೇಣು. ಸರಿದದ್ದು ಶೆಡ್ಡಿನ ಕಡೆಗೆ.

ನನ್ನ ತಪ್ಪೇ ಇರಬೇಕೆಂದುಕೊಂಡೆ. ಎಲೆಯ ಭಾರಕ್ಕೆ ಕೊಂಬೆ ಬಾಗುವುದುಂಟು, ಆದರೆ ಅಷ್ಟು ದಪ್ಪದ ಕಾಂಡ ಬಾಗುವುದಿಲ್ಲ. ಫೋಟೊಗಳನ್ನು ಮೊದಲಿನಿಂದ ಮತ್ತೆ ಜೋಡಿಸಿದೆ. ಅದೇ ಉತ್ತರ ಬಂತು.

ಮರುದಿನ ಗೌಂಡಿಗಳು ಗೋಡೆ ನೇರ ನೋಡುವ ದಾರದ ಗುಂಡು ತೆಗೆದುಕೊಂಡು ಬನಹಟ್ಟಿಗೆ ಹೋದೆ. ಕಾಂಡಕ್ಕೆ ದಾರ ಇಳಿಬಿಟ್ಟು ನಿಂತಿದ್ದಾಗ ಅಕ್ಕ ಬಾಗಿಲಿಗೆ ಬಂದಳು.

"ಏನಬೇ, ಗಿಡಕ್ಕ ಅಳತಿ ತಗೋಳಾಕತ್ತಿ? ಜಂಪರ್ ಹೊಲಸ್ತಿಯೇನು?"

ದಾರ ತೋರಿಸಿದ್ದೂ ಅದನ್ನೇ, ಕಾಂಡ ಶೆಡ್ಡಿನ ಕಡೆಗೆ ವಾಲಿತ್ತು. ಈಗ ಎರಡು ಕಡೆಯಿಂದ ಖಾತ್ರಿಯಾಗಿತ್ತು. "ಅಕ್ಕಾ, ಕಟ್ಟಿ ಕಟ್ಟುವಾಗ ಬುಡ ಅಗದಿದ್ರೇನು?" ಎಂದು ಕೇಳಿದೆ.

"ಅಗೀಲಾರದ ಪಾಯಾ ಹಾಕ್ತಾರೇನು? ರೋಡಿನ ಕಡೆ ಎದಿಮಟ ಅಗದಿದ್ರು. ತೋಳಿನಷ್ಟು ದಪ್ಪ ಬೇರು ಬಂದಿದ್ವು. ಎಲ್ಲಾ ನಮಗ ಕೊಟ್ರು. ಹಂಡೆ ನೀರು ಕಾಸಾಕ ಛಲೋ ಆದ್ವು ನೋಡು."

ಕೊಂಬೆಯ ಭಾರ ಶೆಡ್ಡಿನ ಕಡೆಗೆ. ಆ ಭಾರವನ್ನು ಹಿಂದಕ್ಕೆ ಜಗ್ಗಿ ಹಿಡಿದಿದ್ದವು ರಸ್ತೆಯ ಕಡೆಯ ಬೇರುಗಳು. ಅವೇ ಒಲೆಗೆ ಹೋಗಿದ್ದವು. ಇದನ್ನು ಆದಷ್ಟು ಸಮಾಧಾನದಿಂದ ಹೇಳಿ, ಸ್ವಲ್ಪ ದಿನ ಮಗ್ಗ ನಿಲ್ಲಿಸಿ ಶೆಡ್ಡಿನಿಂದ ಹೊರಗಿರಿ ಎಂದೆ. ಒಳಗಿನಿಂದ ಮಾವ ಕೂಗಿದರು: "ಹಾಸಿನ ನೂಲಿನ ಬೀಮ್ ಏರಿಸೇವಿ. ನಡಬರಕ ಬಿಟ್ರ ಸೀರಿ ಯಾರು ನೇಯ್ತಾರ, ನಿನ್ನ ಕಂಪ್ಯೂಟರೇನು?" ಅತ್ತೆ ನಕ್ಕರು. ಅಕ್ಕನೂ ನಕ್ಕಳು. ಅವಳ ತಲೆಯ ಮೇಲೆ ತಗಡು, ತಗಡಿನ ಮೇಲೆ ಆ ಕೊಂಬೆಯ ನೆರಳು. ನನಗೆ ನಗು ಬರಲಿಲ್ಲ.

ಕಟ್ಟೆಯ ಕೆಲಸ ಮಾಡಿಸಿದ ಹಿರಿಯರೊಬ್ಬರ ಮನೆಗೆ ಲ್ಯಾಪ್‌ಟಾಪ್ ಹಿಡಿದು ಹೋದೆ. ಎರಡು ಮರಗಳನ್ನು ಎರಡು ಬಣ್ಣದಲ್ಲಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು.

"ತಂಗೀ, ಗಿಡ ನಿನ್ನ ಕಂಪ್ಯೂಟರ್‌ನಾಗ ವಾಲೈತಿ. ಇಲ್ಲಿ ನಮ್ಮ ಕಣ್ಣಿಗೆ ನೆಟ್ಟಗ ಐತೆಲ್ಲ."

"ಕಾಕಾ, ಶೆಡ್ಡಿನ ಮ್ಯಾಲಿನ ಟೊಂಗಿ ಒಂದ ಇಳಸ್ರಿ. ಭಾರ ಕಡಿಮಿ ಆಗ್ತೈತಿ."

"ದ್ಯಾಮವ್ವನ ಗಿಡಕ್ಕ ಕೊಡಲಿ ಹಚ್ಚಂಗಿಲ್ಲ. ನಮ್ಮಪ್ಪ ಹಲ್ಲು ತಿಕ್ಕಾಕ ಸುದ್ದಾ ಇದರ ಕಡ್ಡಿ ಮುರದಾಂವಲ್ಲ."

"ಬೇರು ಕಡದೀರೆಲ್ಲರಿ?"

"ಅದು ನೆಲದಾಗಿಂದು. ಪಾಯಾಕ ಅಡ್ಡ ಬಂತು, ತಗದ್ವಿ. ಗಿಡಕ್ಕ ಯಾರೂ ಕೈ ಹಚ್ಚಿಲ್ಲವಾ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಓಣಿಯಲ್ಲಿ ಬೇರೆಯವರನ್ನು ಕೇಳಿದೆ. ಎಲ್ಲರೂ ಹೇಳಿದ್ದು ಅದನ್ನೇ. ಅವರ ಪಾಲಿಗೆ ನೆಲದ ಮೇಲೆ ಕಾಣುವುದಷ್ಟೇ ಮರ. ಕಡೆಗೆ ಆ ಹಿರಿಯರು ನನ್ನ ಮುಖ ನೋಡಿ ಒಂದು ಮಾತು ಕೊಟ್ಟರು: ಶುಕ್ರವಾರ ದೇವಿಗೆ ಹೂ ಕೇಳೋಣ. ಮೂರ್ತಿಗೆ ಏರಿಸಿದ ಹೂ ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಇಲ್ಲ.

ಶುಕ್ರವಾರಕ್ಕೆ ಮೊದಲೇ ಗಾಳಿ ಬಂತು.

ಮಧ್ಯಾಹ್ನ ಜಮಖಂಡಿಯ ನನ್ನ ಕೋಣೆಯಲ್ಲಿ ಎಲೆ ಜೋಡಿಸುತ್ತ ಕೂತಿದ್ದೆ. ವೀಡಿಯೊದಲ್ಲಿ ಮರ ತೂಗಬೇಕೆಂದು ಸಾಫ್ಟ್‌ವೇರಿನ ಗಾಳಿ ಹಾಕಿದ್ದೆ. ಅಲ್ಲಿ ಗಾಳಿಯನ್ನು ಎಷ್ಟು ಏರಿಸಿದರೂ ಮರ ಬೀಳುವುದಿಲ್ಲ; ಅದರ ಬುಡವನ್ನು ನೆಲಕ್ಕೆ ಕೀಲಿಸಿಯೇ ಕೆಲಸ ಶುರು ಮಾಡುತ್ತೇವೆ. ಕಿಟಕಿ ದಡಾರನೆ ಬಡಿದುಕೊಂಡಿತು. ಹೊರಗೆ ರಸ್ತೆ ಧೂಳಿನಲ್ಲಿ ಕಾಣದಾಗಿತ್ತು. ಅಕ್ಕನಿಗೆ ಫೋನ್ ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಮಾವ ಎತ್ತಲಿಲ್ಲ. ಮಗ್ಗಗಳು ನಡೆಯುತ್ತಿದ್ದರೆ ಆ ಶೆಡ್ಡಿನಲ್ಲಿ ಫೋನು ಕೇಳಿಸುವುದಿಲ್ಲ. ಅಂದರೆ ಎಲ್ಲರೂ ಒಳಗೇ ಇದ್ದಾರೆ.

ಸ್ಕೂಟಿ ತೆಗೆದೆ. ದಾರಿಯುದ್ದಕ್ಕೂ ಕಬ್ಬು ನೆಲಕ್ಕೆ ಮಲಗಿ ಏಳುತ್ತಿತ್ತು. ಒಂದು ಜಾಲಿ ಮರದ ಟೊಂಗೆ ರಸ್ತೆಗೆ ಅಡ್ಡ ಬಿದ್ದಿತ್ತು. ಅದನ್ನು ಸುತ್ತಿಕೊಂಡು ಹೋದೆ. ಹಾರ್ನ್ ಹೊಡೆಯುತ್ತಿದ್ದೆ, ಎದುರಿಗೆ ಯಾರೂ ಇಲ್ಲದಿದ್ದರೂ.

ಓಣಿಗೆ ತಿರುಗಿದಾಗ ಮೊದಲು ಕೇಳಿಸಿದ್ದು ಮಗ್ಗಗಳ ಸದ್ದು. ಕರೆಂಟು ಹೋಗಿರಲಿಲ್ಲ. ಮರ ನಿಂತಿತ್ತು, ತಲೆಯೆಲ್ಲ ಒಂದೇ ಕಡೆ, ಶೆಡ್ಡಿನ ಕಡೆ, ಬಾಗಿ ಬಾಗಿ ಬರುತ್ತಿತ್ತು. ಒಳಗೆ ನುಗ್ಗಿ ಗೋಡೆಯ ಮೇಲಿನ ಮೇನ್ ಸ್ವಿಚ್ ಎಳೆದೆ.

ನಾಲ್ಕೂ ಮಗ್ಗ ನಿಂತವು. ಲಾಳಿ ಹಾಸಿನ ನೂಲಿನ ನಡುವೆ ಸಿಕ್ಕಿಕೊಂಡು ಎಳೆಗಳು ಹರಿದವು. "ಹುಚ್ಚಿ! ತಲಿ ಕೆಟ್ಟೈತೇನಬೇ ನಿಂದು!" ಎಂದು ಅಕ್ಕ ನನ್ನ ಕೈ ಹಿಡಿದಳು. ಅಷ್ಟರಲ್ಲಿ, ಆ ಮೌನದಲ್ಲಿ, ಎಲ್ಲರಿಗೂ ಒಟ್ಟಿಗೇ ಕೇಳಿಸಿತು. ಹೊರಗೆ ಕಟ್ಟೆಯ ಕಡೆಯಿಂದ ಕಲ್ಲು ಸೀಳುವ ಸದ್ದು. ಆಮೇಲೆ ನೆಲದೊಳಗಿಂದ ಬಂದಂಥ ಒಂದು ನರಳಿಕೆ.

ಮಾವ ತಾಯಿಯನ್ನು ಎತ್ತಿಕೊಂಡು ಹೊರಗೆ ಓಡಿದರು. ಅತ್ತೆಯ ಕೈಯಲ್ಲಿ ಕಂಡಿಕೆ ಹಾಗೇ ಇತ್ತು, ನೂಲು ಬಾಗಿಲವರೆಗೂ ಬಿಚ್ಚಿಕೊಳ್ಳುತ್ತ ಹೋಯಿತು.

ಗಾಳಿ ಇಳಿದಾಗ ಮರ ಇನ್ನೂ ನಿಂತಿತ್ತು. ರಸ್ತೆಯ ಕಡೆಯ ಗ್ರಾನೈಟು ಉದ್ದಕ್ಕೂ ಸೀಳಿ ಮೇಲೆದ್ದಿತ್ತು. ಆ ಹಿರಿಯರು ಬಂದು, ಬಗ್ಗಿ, ಸೀಳಿನೊಳಗೆ ಕೈ ಹಾಕಿದರು. ಮೊಣಕೈವರೆಗೂ ಹೋಯಿತು.

"ಕೊಡಲಿ ಬ್ಯಾಡ ಅಂದಿದ್ದೆ," ಎಂದರು ಎದ್ದು ನಿಂತು, ಯಾರ ಮುಖವನ್ನೂ ನೋಡದೆ. "ಗರಗಸ ತರ್ರಿ."

ಅತ್ತೆ ಕಾಯಿ ಒಡೆದರು. ಸಂಜೆಯೊಳಗೆ ಆ ಕೊಂಬೆಯನ್ನು ತುಂಡು ತುಂಡಾಗಿ ಹಗ್ಗ ಕಟ್ಟಿ ಇಳಿಸಿದರು. ಕಾಂಡಕ್ಕೆ ಕಬ್ಬಿಣದ ಆನಿಕೆ ಕೊಡುವ ಮಾತಾಯಿತು. ಯಾವಾಗ ಎಂಬುದು ಗೊತ್ತಾಗಲಿಲ್ಲ.

ಅಕ್ಕ ಹರಿದ ಎಳೆಗಳಿಗೆ ಗಂಟು ಹಾಕಿ ಮುಗಿಸಿ ಮೇನ್ ಹಚ್ಚಿದಳು. ಮಗ್ಗ ಶುರುವಾದವು. ಚಹಾ ಆಗಿದೆ, ಒಳಗೆ ಬಾ ಎಂದು ಕೈ ಮಾಡಿ ಕರೆದಳು. ಇಲ್ಲಿಗೇ ಕೊಡು ಎಂದು ನಾನೂ ಕೈ ಮಾಡಿದೆ. ನಿಂತೇ ಕುಡಿದೆ, ರಸ್ತೆಯ ಆಚೆ, ಮರ ಬಿದ್ದರೂ ತಲುಪದಷ್ಟು ದೂರದಲ್ಲಿ.