ಮುಖಲೇಪೋಪಾಖ್ಯಾನ

ಮುಖವೆಂಬುದು ಒಂದೇ ವಸ್ತು ಎಂದು ನಾನು ಅರವತ್ತೆರಡು ವರ್ಷ ನಂಬಿಕೊಂಡಿದ್ದೆ. ಬೆಳಿಗ್ಗೆ ಎದ್ದು ಎರಡು ಬೊಗಸೆ ನೀರು ಸೋಕಿಸಿ, ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿಬಿಟ್ಟರೆ ಅದರ ಬಗೆಗಿನ ಸಕಲ ಕರ್ತವ್ಯಗಳೂ ಮರುದಿನದ ಬೆಳಗಿನವರೆಗೆ ಸಮಾಪ್ತಿ ಎಂಬುದು ನನ್ನ ಸಿದ್ಧಾಂತವಾಗಿತ್ತು. ಹೀಗಿರಲಾಗಿ ಒಂದು ದಿನ ನನ್ನ ಕೈಗೆ ಬಣ್ಣದ ನಕ್ಷೆಯೊಂದು ಬಂತು. ಅದರಲ್ಲಿ ಹಣೆ, ಕೆನ್ನೆ, ಗದ್ದ, ಮೂಗಿನ ಇಕ್ಕೆಲಗಳು, ಕಣ್ಣ ಕೆಳಗಿನ ತಗ್ಗು ಎಲ್ಲಕ್ಕೂ ಪ್ರತ್ಯೇಕ ಗಡಿರೇಖೆ, ಪ್ರತ್ಯೇಕ ಲೇಪ, ಪ್ರತ್ಯೇಕ ಡಬ್ಬಿ. ನಮ್ಮ ರೋಣ ತಾಲೂಕನ್ನು ಒಡೆದು ಗಜೇಂದ್ರಗಡವನ್ನು ಬೇರೆ ತಾಲೂಕು ಮಾಡಿದಾಗಲೂ ನನಗೆ ಇಷ್ಟು ಸೋಜಿಗವಾಗಿರಲಿಲ್ಲ. ನನ್ನದೇ ಕಣ್ಣ ಕೆಳಗೆ ಇಷ್ಟೊಂದು ಸ್ವಾಯತ್ತವಾದ ಆಡಳಿತ ಘಟಕವೊಂದು ಇಷ್ಟು ವರ್ಷ ಅನುದಾನವಿಲ್ಲದೆ ಸೊರಗುತ್ತಿತ್ತಲ್ಲ ಎಂದು ಕನ್ನಡಿಯ ಮುಂದೆ ನಿಂತು ಮರುಗಿದೆ.

ನಿವೃತ್ತ ಕನ್ನಡ ಮಾಸ್ತರನಿಗೂ ಮುಖಲೇಪಕ್ಕೂ ಎತ್ತಣಿಂದೆತ್ತಣ ನಂಟು ಎಂದು ನೀವು ಕೇಳಬಹುದು. ನಂಟು ನನ್ನ ಪಾದಗಳ ಮೂಲಕ ಬಂತು. ಈರಣ್ಣನೆಂಬ ನನ್ನ ಹಳೆಯ ವಿದ್ಯಾರ್ಥಿ, ಹತ್ತನೆಯ ತರಗತಿಯಲ್ಲಿ ಕೊನೆಯ ಬೆಂಚನ್ನು ವಂಶಪಾರಂಪರ್ಯದ ಆಸ್ತಿಯಂತೆ ಕಾಪಾಡಿಕೊಂಡಿದ್ದವನು, ವೈಶಾಖದ ಬಿಸಿಲಿನಲ್ಲಿ ಕೋಟು ಟೈ ಧರಿಸಿ ರೋಣದ ನಮ್ಮ ಮನೆಗೆ ಬಂದು ದೀರ್ಘದಂಡ ಹಾಕಿದ. ನಮ್ಮ ಸೀಮೆಯಲ್ಲಿ ಕಾಲಿಗೆ ಬಿದ್ದವನನ್ನು ಎಬ್ಬಿಸುವ ತನಕ ಅವನ ಮಾತಿಗೆ ಇಲ್ಲವೆನ್ನುವ ಪದ್ಧತಿಯಿಲ್ಲ. ಈರಣ್ಣನೋ ಏಳಲೇ ಇಲ್ಲ.

"ಆಶೀರ್ವಾದ ಮಾಡ್ರಿ ಸರ, ಹೊಸಾ ಉದ್ಯೋಗ ಸುರು ಮಾಡೀನಿ."

"ಚಲೋ ಆಗಲೆಪಾ, ಏಳು."

"ಹಂಗಾದ್ರ ಇಲ್ಲೊಂದು ಸಹಿ ಮಾಡ್ರಿ."

ಹೀಗೆ ನಾನು ಒಂದು ಸೌಂದರ್ಯವರ್ಧಕ ಕಂಪನಿಯ ಸದಸ್ಯನಾದೆ. ಈರಣ್ಣ ನನ್ನ ಮೇಲಿನವನು, ನಾನು ಅವನ ಕೆಳಗಿನವನು. ನನ್ನ ಕೆಳಗೆ ಇನ್ನು ಮೂವರು ಬರಬೇಕು, ಅವರ ಕೆಳಗೆ ಮತ್ತೆ ಮೂವರು. ಗುರುಶಿಷ್ಯ ಪರಂಪರೆಯನ್ನು ತಲೆಕೆಳಗು ಮಾಡಿ ನಿಲ್ಲಿಸಿದ ಈ ಶಾಸ್ತ್ರವನ್ನು ನಾನು ಅರಗಿಸಿಕೊಳ್ಳುತ್ತಿರುವಾಗಲೇ ಒಳಗಿನಿಂದ ನಮ್ಮ ಮನೆಯವರ ವ್ಯಾಖ್ಯಾನ ಕೇಳಿಬಂತು: "ಮೂವತ್ತ ವರ್ಷ ಸಾಲ್ಯಾಗ ಗಂಟಲಾ ಹರಕೊಂಡು ಒಂದೀಟ ಮರ್ಯಾದಿ ಗಳಿಸೀರಿ. ಈಗ ಅದನ್ನ ಡಬ್ಬಿಯಾಗ ತುಂಬಿ ಮಾರಾಕ ಹೊಂಟೀರೇನು?"

ಈ ಮಾತು ನನ್ನ ಕಿವಿಯವರೆಗೆ ಬಂದು ಅಲ್ಲೇ ಕೂತಿತು. ಒಳಗೆ ಇಳಿಯಲು ಅದಕ್ಕೆ ಐದು ತಿಂಗಳು ಬೇಕಾಯಿತು.

ಮೊದಲ ಸಭೆ ಗಜೇಂದ್ರಗಡದ ಒಂದು ಕಲ್ಯಾಣ ಮಂಟಪದಲ್ಲಿ ಏರ್ಪಾಡಾಗಿತ್ತು. ಅಲ್ಲಿ ಎಲ್ಲರೂ ಎಲ್ಲದಕ್ಕೂ ಚಪ್ಪಾಳೆ ತಟ್ಟುತ್ತಿದ್ದರು. ನೀರು ಕೊಟ್ಟವನಿಗೂ ಒಂದು ಸುತ್ತು ಬಿತ್ತು. ವೇದಿಕೆಯ ಮೇಲಿನ ಸದ್ಗೃಹಸ್ಥರು "ಕನಸು ಕಾಣಿರಿ, ಕಂಡ ಕನಸನ್ನು ಹಾಳೆಯ ಮೇಲೆ ಬರೆಯಿರಿ" ಎಂದು ಅಪ್ಪಣೆ ಕೊಡಿಸಿದರು. ನನ್ನ ಪಕ್ಕದ ತಾಯಿ ಎರಡಂತಸ್ತಿನ ಮನೆ ಬರೆದರು. ಮುಂದಿನ ತರುಣ ಕಾರಿನ ಬಣ್ಣವನ್ನೂ ಬರೆದ. ನಾನು ಬಹಳ ಹೊತ್ತು ಯೋಚಿಸಿ, ಮಧ್ಯಾಹ್ನದ ಊಟವಾದ ಮೇಲೆ ಬೇವಿನ ಮರದ ನೆರಳಿನಲ್ಲಿ ಯಾರೂ ಎಬ್ಬಿಸದ ಒಂದು ತಾಸು, ಎಂದು ಬರೆದೆ. ಈರಣ್ಣ ಬಗ್ಗಿ ನೋಡಿ ಮುಖ ಸಣ್ಣದು ಮಾಡಿಕೊಂಡ.

"ಸರ, ಇದು ಕನಸಲ್ರಿ. ನಿದ್ದಿ."

ಆದರೆ ಅದೇ ಸಭೆಯ ಉತ್ತರಾರ್ಧದಲ್ಲಿ ನಾನು ಮಿಂಚಿದೆನೆಂಬುದನ್ನು ವಿನಯಪೂರ್ವಕವಾಗಿ ನಮೂದಿಸಬೇಕು. ಗುರುತಿನವರ ನೂರು ಹೆಸರು ಬರೆಯಿರಿ ಎಂದರು. ಉಳಿದವರು ನಲವತ್ತಕ್ಕೆ ತಲೆ ಕೆರೆದುಕೊಂಡರೆ ನಾನು ಎರಡನೆಯ ಹಾಳೆ ಕೇಳಿದೆ. ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಊರುಗಳ ಹೈಸ್ಕೂಲುಗಳಲ್ಲಿ ಸರಕಾರ ನನ್ನನ್ನು ಸರದಿಯ ಮೇಲೆ ನೆಟ್ಟು ಕಿತ್ತು ಮಾಡಿತ್ತಾದ್ದರಿಂದ, ಕಣ್ಣು ಮುಚ್ಚಿದರೆ ಸಾಕು, ಹಾಜರಿ ಪುಸ್ತಕಗಳು ತಾವಾಗಿ ತೆರೆದುಕೊಳ್ಳುತ್ತಿದ್ದವು. ಈರಣ್ಣನ ಕಣ್ಣಲ್ಲಿ ನೀರಾಡಿತು. ಗುರುವಿನ ಸ್ಮರಣಶಕ್ತಿಗೆ ಶಿಷ್ಯ ಅಷ್ಟು ಮನಸಾರೆ ಗೌರವ ಸಲ್ಲಿಸಿದ್ದು ಅದೇ ಮೊದಲು. ಪಾಠ ಹೇಳುವಾಗ ಅವನು ನಿದ್ದೆ ಮಾಡುತ್ತಿದ್ದ. ಕನಸನ್ನೇ ಕಾಣುತ್ತಿದ್ದನೋ ಏನೋ!

ಅಂದಿನಿಂದ ಬಸ್ಸುಗಳಲ್ಲಿ ನನ್ನ ವಾನಪ್ರಸ್ಥ ಆರಂಭವಾಯಿತು. ನಮ್ಮ ಸೀಮೆಯ ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿಗೆ ತಲೆಯೊರಗಿಸಿ ಕೂತವನು ಪೂರ್ತಿ ಎಚ್ಚರವಾಗಿಯೂ ಇರಲಾರ, ಪೂರ್ತಿ ನಿದ್ದೆಗೂ ಜಾರಲಾರ. ತೊಡೆಯ ಮೇಲಿನ ಚೀಲದಲ್ಲಿ ಲೇಪಗಳು ಕಾವಿಗೆ ಕರಗಿ, ಮುಚ್ಚಳದ ಸಂದಿನಿಂದ ಗುಲಾಬಿಯೂ ಗಂಧವೂ ಬೆರೆತ ಒಂದು ಪರಿಮಳ ಮೆಲ್ಲಗೆ ಏಳುತ್ತಿತ್ತು. ಹೊರಗೆ ಎರೆಹೊಲಗಳು ಬಿಸಿಲಿಗೆ ಬಾಯಿಬಿಟ್ಟುಕೊಂಡು ಬಿದ್ದಿರುತ್ತಿದ್ದವು. ಅರೆನಿದ್ದೆಯಲ್ಲಿ ನನಗೆ ಈ ಭೂಮಿ ಅಪಾರವಾದೊಂದು ಮುಖದಂತೆಯೂ, ನರಗುಂದದ ಗುಡ್ಡ ಅದರ ಮೂಗಿನಂತೆಯೂ, ಗಜೇಂದ್ರಗಡದ ಗುಡ್ಡದ ಸಾಲಿನ ಗಾಳಿಯಂತ್ರಗಳು ಆ ಮುಖಕ್ಕೆ ಗಾಳಿ ಹಾಕುವ ಬಿಳಿಯ ಬೀಸಣಿಕೆಗಳಂತೆಯೂ ತೋರುತ್ತಿದ್ದವು. ಆ ಬಿರುಕುಗಳನ್ನೆಲ್ಲ ಮುಚ್ಚಬೇಕಾದರೆ ಎಷ್ಟು ಡಬ್ಬಿ ಬೇಕಾದೀತೆಂದು ಲೆಕ್ಕ ಹಾಕುವಷ್ಟರಲ್ಲಿ ಊರು ಬಂದುಬಿಡುತ್ತಿತ್ತು.

ಮತ್ತು ಯಾರೂ ನನಗೆ ಬೇಡವೆನ್ನಲಿಲ್ಲ. ಇದನ್ನು ನಾನು ನನ್ನ ವಾಗ್ವೈಖರಿಯ ಮಹಿಮೆ ಎಂದೇ ಭಾವಿಸಿದ್ದೆ. ನನ್ನ ಇನ್ನೊಬ್ಬ ಹಳೆಯ ವಿದ್ಯಾರ್ಥಿ, ಶಿರೋಳದ ಫಕೀರಪ್ಪ, ಹೊಲದಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದವನು, ನನ್ನನ್ನು ಕಂಡು ತಂಬಿಗೆಯನ್ನು ಹಾಗೇ ಬಿಟ್ಟು ಓಡಿಬಂದು ಹೊರಸಿನ ಮೇಲೆ ಕೌದಿ ಹಾಸಿದ. ನಾನು ಡಬ್ಬಿ ತೆರೆದು ಉಪನ್ಯಾಸ ಕೊಟ್ಟೆ.

"ಇದ ಹಚ್ಚಿದ್ರ ಏನಾಕ್ಕೈತ್ರಿ ಸರ?" ಎಂದು ಕೇಳಿದ.

"ಮಾರಿ ಬೆಳ್ಳಗಾಕ್ಕೈತಪಾ."

ಅವನು ಡಬ್ಬಿಯನ್ನು ನೋಡಿದ, ಆಮೇಲೆ ಕಾಲುವೆಯ ಆಚೆಗಿನ ತನ್ನ ಹೊಲದ ಕಡೆ ನೋಡಿದ. "ಬೆಳ್ಳಗಾತು ಅಂದ್ರ ನಾವು ಹೊಲ ಸವಳ ಆತು ಅಂತೀವ್ರಿ ಸರ. ಮುಂದ ಅದರಾಗ ಏನೂ ಬೆಳ್ಯಾಂಗಿಲ್ಲ." ಇಷ್ಟು ಹೇಳಿ, ಅತ್ಯಂತ ಗೌರವದಿಂದ ಎರಡು ಡಬ್ಬಿ ಕೊಂಡ.

ಕರಿಯ ಮಣ್ಣನ್ನು ಬಂಗಾರವೆಂದು ತಿಳಿದು ಬಾಳುವ ನಾಡಿನಲ್ಲಿ ಬಿಳುಪನ್ನು ಮಾರುತ್ತಿರುವ ನನ್ನ ಸಾಹಸದ ಬಗ್ಗೆ ನಾನು ಆವತ್ತೇ ಸ್ವಲ್ಪ ಚಿಂತಿಸಬೇಕಾಗಿತ್ತು. ಬದಲಿಗೆ ಮಾರಾಟ ಹೆಚ್ಚಿ ಕಂಪನಿಯ ಕಂಚಿನ ಪದವಿಗೇರಿದೆ. ಕೊರಳಿಗೆ ಮಾಲೆ ಹಾಕಿ ತೆಗೆದ ನನ್ನ ಚಿತ್ರವನ್ನು ಈರಣ್ಣ ಎಲ್ಲರ ಫೋನಿಗೂ ಕಳುಹಿಸಿದ. ಮನೆಯವರು ಅದನ್ನು ನೋಡಿ ರೊಟ್ಟಿ ಬಡಿಯಲು ಹೋದರು. ಅಂದಿನ ರೊಟ್ಟಿಯ ಸಪ್ಪಳ ಎಂದಿಗಿಂತ ತುಸು ಜೋರಾಗಿತ್ತು.

ಕಂಚಿನಿಂದ ಬೆಳ್ಳಿಗೆ ಏರಲು ನನ್ನ ಕೆಳಗೆ ಮೂವರು ಸೇರಬೇಕಿತ್ತು. ಇಬ್ಬರು ಸೇರಿದ್ದರು. ಮೂರನೆಯವರು ಯಾರು ಎಂದು ನಾನು ಚಿಂತಿಸುತ್ತಿರುವಾಗ ಈರಣ್ಣ ಒಂದು ಉಪಾಯ ಹೇಳಿದ: "ನಿಮ್ಮ ಮಾತ ಮೀರದವರು ಯಾರದಾರ, ನೆನಪ ಮಾಡಿಕೊಳ್ರಿ ಸರ."

ನೆನಪಾದವಳು ರಾಜೂರಿನ ದಾವಲಬಿ. ಗಜೇಂದ್ರಗಡದಲ್ಲಿ ನನ್ನ ವಿದ್ಯಾರ್ಥಿನಿ; ಪದ್ಯವನ್ನು ತಡವರಿಸದೆ ಹೇಳುತ್ತಿದ್ದಳು, ಅಕ್ಷರ ಮುತ್ತಿನಂತೆ ಬರೆಯುತ್ತಿದ್ದಳು. ಈಗ ಮನೆಯಲ್ಲೇ ಊರ ಹೆಣ್ಣುಮಕ್ಕಳ ಕುಪ್ಪಸ ಹೊಲಿಯುತ್ತಾಳೆ. ಕಾಲಿನಿಂದ ತುಳಿದು ತುಳಿದು ಮೊಣಕಾಲು ನೋವು ಬಂದಿದ್ದರಿಂದ ಮಶೀನಿಗೆ ಮೋಟಾರು ಕೂಡಿಸಲು ವರ್ಷದಿಂದ ರೊಕ್ಕ ಒಟ್ಟುಮಾಡುತ್ತಿದ್ದಾಳೆಂಬುದನ್ನು ಹಿಂದಿನ ಭೇಟಿಯಲ್ಲಿ ಅವಳೇ ಹೇಳಿದ್ದಳು. ಆ ರೊಕ್ಕವೂ ಕಂಪನಿಗೆ ಸೇರುವವರು ಮೊದಲಿಗೆ ಕೊಳ್ಳಲೇಬೇಕಾದ ಡಬ್ಬಿಗಳ ಪೆಟ್ಟಿಗೆಯ ಬೆಲೆಯೂ ಹೆಚ್ಚುಕಡಿಮೆ ಒಂದೇ ಎಂಬ ಸಂಗತಿ ನನ್ನ ತಲೆಯಲ್ಲಿ ಎಲ್ಲೋ ಹೊಳೆದಿತ್ತು. ಅದನ್ನು ಶುಭಶಕುನವೆಂದು ತಿಳಿದೆನೆನ್ನಲು ಇಂದಿಗೂ ನಾಚಿಕೆಯಾಗುತ್ತದೆ.

ನಾನು ಹೋದಾಗ ಅವಳು ಹೊಲಿಗೆ ಬಿಟ್ಟೆದ್ದು, ಕುರ್ಚಿಯ ಮೇಲಿನ ಬಟ್ಟೆಯ ತುಂಡುಗಳನ್ನು ಜಾಡಿಸಿ ನನ್ನನ್ನು ಕೂರಿಸಿದಳು. ಎದುರಿಗೆ ಗಾಜಿನ ಕಪಾಟಿತ್ತು. ಅದರ ಮೇಲಿನ ಅರೆಯಲ್ಲಿ ಹತ್ತನೆಯ ತರಗತಿಯ ಗುಂಪಿನ ಚಿತ್ರ. ನಡುವೆ ಕುರ್ಚಿಯಲ್ಲಿ ನಾನು, ಕಪ್ಪು ಮೀಸೆಯೊಂದಿಗೆ. ಆ ಚಿತ್ರದ ಮುಂದೆ ನಾಲ್ಕು ಡಬ್ಬಿಗಳು ಸಾಲಾಗಿ ನಿಂತಿದ್ದವು. ನಾಲ್ಕು ತಿಂಗಳಿನಿಂದ ನಾನು ಮಾರಿದ ಆ ನಾಲ್ಕರಲ್ಲಿ ಒಂದರ ಸೀಲೂ ಒಡೆದಿರಲಿಲ್ಲ. ದಿನಾ ಒರೆಸುತ್ತಿದ್ದಳೆಂದು ಕಾಣುತ್ತದೆ, ಒಂದರ ಮೇಲೂ ಧೂಳಿರಲಿಲ್ಲ.

"ಯಾಕವಾ, ಹಚ್ಚಿಕೊಂಡಿಲ್ಲ?"

"ಸರ ಕೊಟ್ಟಿದ್ದಲ್ರಿ, ಒಡ್ಯಾಕ ಮನಸ ಬರಲಿಲ್ರಿ."

ಕೊಟ್ಟದ್ದಲ್ಲ ತಾಯಿ, ಮಾರಿದ್ದು ಎನ್ನಬೇಕೆಂದುಕೊಂಡವನು ಚೀಲದಿಂದ ಕಂಪನಿಯ ಅರ್ಜಿ ತೆಗೆದೆ. ಬಂದ ಕೆಲಸ ಮುಗಿಸೋಣವೆಂದು, ಸದಸ್ಯತ್ವದ ಮಹತ್ವವನ್ನು ಸಾವಕಾಶವಾಗಿ ವಿವರಿಸಿದೆ. ಮೇಲಿನವರು, ಕೆಳಗಿನವರು, ಕಂಚು, ಬೆಳ್ಳಿ, ವಜ್ರ. ಅವಳು ಕೈಕಟ್ಟಿ ನಿಂತು ಕೇಳಿದಳು. ಕೊನೆಗೆ, ಮೂವತ್ತು ವರ್ಷದ ಚಾಳಿಯಂತೆ ನನ್ನ ಬಾಯಿಂದ ತಾನೇ ಬಂತು: "ತಿಳೀತೇನು?"

"ತಿಳೀತ್ರಿ ಸರ."

ಆ ದನಿಯನ್ನು ನಾನು ಬಲ್ಲೆ. ಸಂಧಿ ಸಮಾಸಗಳ ಪಾಠ ಮುಗಿಸಿ, ಸೀಮೆಸುಣ್ಣದ ಕೈ ಜಾಡಿಸಿಕೊಂಡು ಪ್ರತಿದಿನ ಈ ಪ್ರಶ್ನೆ ಕೇಳುತ್ತಿದ್ದೆ; ನಲವತ್ತು ಗಂಟಲುಗಳು ಒಂದಾಗಿ ಇದೇ ಉತ್ತರ ಕೊಡುತ್ತಿದ್ದವು; ನಾಲ್ವರಿಗೂ ತಿಳಿದಿರುತ್ತಿರಲಿಲ್ಲ. ತಿಳಿದಿಲ್ಲವೆಂದವನನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಹಾಗಾಗಿ ಮೂರು ಊರುಗಳಲ್ಲಿ, ನನ್ನೆದುರು ತಲೆಯಾಡಿಸುವ ಒಂದು ಇಡೀ ತಲೆಮಾರನ್ನು ನಾನು ಬಲು ಶ್ರದ್ಧೆಯಿಂದ ಬೆಳೆಸಿದ್ದೆ. ಐದು ತಿಂಗಳಿನಿಂದ ಕೊಯ್ಲು ನಡೆಸಿದ್ದೆ.

ದಾವಲಬಿ ಒಳಗೆ ಹೋಗಿ, ಕುಪ್ಪಸದ ಕಣದ ತುಂಡಿನಲ್ಲಿ ಗಂಟು ಕಟ್ಟಿದ್ದ ಮೋಟಾರಿನ ರೊಕ್ಕವನ್ನು ತಂದು ನನ್ನ ಮುಂದೆ ಹಿಡಿದಳು. ಮನೆಯವರ ಮಾತು ಆಗ, ಐದು ತಿಂಗಳು ತಡವಾಗಿ, ಕಿವಿಯಿಂದ ಕೆಳಗಿಳಿಯಿತು.

"ದಾವಲಬೀ, ಬ್ಯಾಡ ಅನ್ನು," ಎಂದೆ.

"ಏನ್ರಿ ಸರ?"

"ನಾ ಈ ಕಂಪನಿ ಸೇರ್ತಿಯೇನು ಅಂತ ಕೇಳ್ತೀನಿ. ನೀ ಬ್ಯಾಡ ಅನ್ನು."

"ಹೌದ್ರಿ ಸರ."

"ಹೌದಲ್ಲ! ಬ್ಯಾಡ!"

ಅವಳು ಗಾಬರಿಯಿಂದ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ನಾನು ಮತ್ತೆ ಕೇಳಿದೆ. ಮೂರನೆಯ ಸಲಕ್ಕೆ ಸೆರಗಿನೊಳಗಿಂದ ಇಲಿಮರಿಯಂಥದೊಂದು "ಬ್ಯಾಡ್ರಿ" ಹೊರಬಂತು. ಕೂಡಲೇ ಅವಳು ತಲೆಯೆತ್ತಿ ಮಾಳಿಗೆಯ ತೊಲೆಗಳನ್ನು ನೋಡಿದಳು. ಅವು ಅಲ್ಲೇ ಇದ್ದವು.

"ಗಟ್ಟಿ ಅನ್ನವಾ. ಹಿಂದಿನ ಬೆಂಚಿನವರಿಗೆ ಕೇಳಿಸ್ಬೇಕು."

"ನನಗ ಮಶೀನಿಗೆ ಮೋಟಾರ ಬೇಕಾಗೇತ್ರಿ ಸರ, ಇದು ಬ್ಯಾಡ್ರಿ!" ಎಂದಳು ಒಂದೇ ಉಸಿರಿಗೆ. ಎಂದವಳೇ ನಕ್ಕಳು, ನಕ್ಕು ನಕ್ಕು ಮಶೀನಿನ ಹಲಗೆ ಹಿಡಿದುಕೊಂಡು ಕೂತಳು. ಕರ್ತೃ, ಕರ್ಮ, ಕ್ರಿಯಾಪದ ಎಲ್ಲವೂ ಇದ್ದ ಸರ್ವಾಂಗಸುಂದರ ವಾಕ್ಯ. ನನ್ನ ಸೇವಾವಧಿಯಲ್ಲಿ ಯಾರಿಗೂ ಪೂರ್ಣಾಂಕ ಕೊಟ್ಟವನಲ್ಲ. ಅಂದು ಮನಸ್ಸಿನಲ್ಲೇ ಕೊಟ್ಟೆ.

ಚಹಾ ಕುಡಿದು ಏಳುವಾಗ, ಪ್ರಾಯಶ್ಚಿತ್ತ ಸಾಂಗವಾಗಲೆಂದು, "ಆ ನಾಕೂ ಡಬ್ಬಿ ಕೊಟ್ಟಬಿಡು, ನಿನ್ನ ರೊಕ್ಕ ನಿನಗ ವಾಪಸ ಕೊಡ್ತೀನಿ" ಎಂದು ಕೈ ಚಾಚಿದೆ.

"ಬ್ಯಾಡ್ರಿ," ಎಂದಳು ದಾವಲಬಿ. ಈ ಸಲ ಹೇಳಿಕೊಡಬೇಕಾಗಿ ಬರಲಿಲ್ಲ. "ಅವು ನನ್ನೂವದಾವ. ಕೊಡಂಗಿಲ್ಲ."

ಊರ ಹೊರಗಿನ ಬಸ್ ನಿಲ್ದಾಣದಲ್ಲಿ ಬಿಸಿಲು ಇಳಿಯತೊಡಗಿತ್ತು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ತಮಗೆ ಯಾವ ಅವಸರವೂ ಇಲ್ಲವೆಂಬಂತೆ ತಿರುಗುತ್ತಿದ್ದವು. ನೋಡುತ್ತ ನಿಂತರೆ ನಾವೇ ತಿರುಗುತ್ತಿದ್ದೇವೋ, ಅವು ನಿಂತಿವೆಯೋ ಎಂಬ ಭ್ರಮೆ ಹುಟ್ಟುತ್ತದೆ. ಆ ಭ್ರಮೆಯಲ್ಲಿ ಹಿತವಾಗಿ ತೇಲುತ್ತಿರುವಾಗ ಫೋನು ಗಂಟೆ ಬಾರಿಸಿತು.

"ಆತೇನ್ರಿ ಸರ? ಮೂರನೇದವರು ಸಿಕ್ಕರೇನ್ರಿ?" ಈರಣ್ಣ.

ಉತ್ತರ ಸುಲಭವಿತ್ತು, ಅರ್ಧ ತಾಸಿನ ಕೆಳಗೆ ಬೇರೆಯವರಿಗೆ ಕಲಿಸಿ ಬಂದಿದ್ದೆ. ಆದರೆ ಕಾಲಿಗೆ ಬಿದ್ದವರಿಗೆ ಆ ಶಬ್ದವನ್ನು ನಾನು ಜನ್ಮದಲ್ಲಿ ಬಳಸಿದವನಲ್ಲವೆಂಬುದು ಅದು ನಾಲಗೆಯ ಮೇಲೆ ಬಂದು ನಿಂತಾಗಲೇ ಗೊತ್ತಾಯಿತು. ಕೆಮ್ಮಿದೆ. ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ.

"ಈರಣ್ಣಾ, ಇನ್ನ ನನಗ ಇದು ಬ್ಯಾಡಪಾ."

"ಆತ್ರಿ ಸರ," ಎಂದ ಈರಣ್ಣ. ಆಮೇಲೆ, ಕೋಟು ಟೈಗಳೆಲ್ಲ ಕಳಚಿಬಿದ್ದಂಥ, ಕೊನೆಯ ಬೆಂಚಿನ ಅದೇ ಹಳೆಯ ಸಣ್ಣ ದನಿಯಲ್ಲಿ ಅವನು ಕೇಳಿದ: "ಹಂಗಾದ್ರ ಸರ... ನಾನೂ ಬಿಡ್ಲೇನ್ರಿ?"

ಬಿಡು ಎಂದಿದ್ದರೆ ಬಿಡುತ್ತಿದ್ದ. ಬಿಡಬೇಡ ಎಂದಿದ್ದರೆ ಜೀವಮಾನವಿಡೀ ಟೈ ಕಟ್ಟಿಕೊಂಡು ತಿರುಗುತ್ತಿದ್ದ. ಎರಡೂ ನನ್ನ ನಾಲಗೆಯ ತುದಿಯಲ್ಲೇ ಇದ್ದವು.

"ನಿನಗ ಏನ ಅನಸತೈತಿ, ಅದನ್ನ ಹೇಳು," ಎಂದೆ.

ಈ ಪ್ರಶ್ನೆಯನ್ನು ನಾನು ಅವನಿಗೆ ಯಾವ ತರಗತಿಯಲ್ಲೂ ಕೇಳಿರಲಿಲ್ಲ. ಅವನು ಯೋಚಿಸತೊಡಗಿದ್ದು ಫೋನಿನಲ್ಲೇ ಕೇಳಿಸುವಂತಿತ್ತು. ಅಷ್ಟರಲ್ಲಿ ರೋಣದ ಬಸ್ಸು ಬಂದು ನಿಂತಿತು. "ಬರ್ರಿ ಸರ, ಲಗೂ ಹತ್ರಿ, ಇದರ ಹಿಂದ ತಾಸಿಗಟ್ಲೆ ಬಸ್ಸಿಲ್ಲ," ಎಂದು ಕಂಡಕ್ಟರು ಬಾಗಿಲಲ್ಲಿ ನಿಂತು ಕೂಗಿದ.

"ಬ್ಯಾಡ, ನೀ ಹೋಗಪಾ," ಎಂದು ಅವನಿಗೆ ಕೈಬೀಸಿ, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು, ಬೇವಿನ ಮರದ ಬುಡಕ್ಕೆ ಹೋಗಿ ಕೂತೆ.